ಅಶೋಕ ರಸ್ತೆ ಬದಿಯ ಎಂಸಿಆರ್ ಚಪ್ಪಲಿ ಅಂಗಡಿ: ಏಳು ತಿಂಗಳು ಹಾಕಿಕೊಂಡ ಮೇಲೆ ಬರೆಯುತ್ತಿದ್ದೇನೆ

ಮೊದಲು ಚಪ್ಪಲಿ ವಿಷಯ ಹೇಳಿಬಿಡುತ್ತೇನೆ. ಎಂಸಿಆರ್ ಅಂದರೆ ಒಂದು ಬಗೆಯ ಮೆತ್ತನೆ ರಬ್ಬರ್, ಸ್ಪರ್ಶ ಕಡಿಮೆಯಾದ ಪಾದಕ್ಕೆ ಅದರಿಂದ ಚಪ್ಪಲಿ ಮಾಡುತ್ತಾರೆ. ಚೆನ್ನಾಗಿದೆ. ಶುಗರ್ ಇದ್ದು ಪಾದದಲ್ಲಿ ಜೋಮು ಶುರುವಾಗಿರುವವರು ಮೈಸೂರಿನಲ್ಲೋ ಮಂಡ್ಯದಲ್ಲೋ ಇದ್ದರೆ ಒಮ್ಮೆ ಹೋಗಿ ಅಳತೆ ಕೊಟ್ಟು ಮಾಡಿಸಿಕೊಳ್ಳಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಮುಂದೆ ಬರೆದಿದ್ದೇನೆ.

ಅಂಗಡಿ ಇರುವುದು ಮೈಸೂರಿನ ಅಶೋಕ ರಸ್ತೆಯಲ್ಲಿ ಫಿಲೋಮಿನಾ ಚರ್ಚ್ ಕಡೆಗೆ ಹೋಗುವಾಗ ಸಿಗುವ ಒಂದು ಅಡ್ಡರಸ್ತೆಯಲ್ಲಿ. ಬೋರ್ಡ್ ತುಂಬಾ ಚಿಕ್ಕದು. ಇಲ್ಲಿ ಬರೆಯುವಾಗ ಅಂಗಡಿ ಹೆಸರು ಹಾಕಲಾ ಅಂತ ಮಾಲೀಕರನ್ನು ಕೇಳಿದೆ. "ಬೇಡ ಸಾರ್, ಇಬ್ಬರೇ ಇರೋದು, ಈಗ ಬಂದಿರೋ ಕೆಲಸಾನೇ ಮುಗೀತಿಲ್ಲ" ಅಂದರು. ಅದಕ್ಕೆ ಹಾಕಿಲ್ಲ. ಎಂಸಿಆರ್ ಚಪ್ಪಲಿ ಎಲ್ಲಿ ಮಾಡುತ್ತಾರೆ ಅಂತ ಅಕ್ಕಪಕ್ಕ ಕೇಳಿದರೆ ಯಾರಾದರೂ ತೋರಿಸುತ್ತಾರೆ.

ನನಗೆ ಈಗ 71. ಶುಗರ್ ಬಂದು 16 ವರ್ಷ ಆಯಿತು. ಮಾತ್ರೆ ತೆಗೆದುಕೊಳ್ಳುತ್ತೇನೆ, ದಿನಾ ನಡೆಯುತ್ತೇನೆ, ಅನ್ನ ಕಡಿಮೆ ಮಾಡಿದ್ದೇನೆ. ಎಲ್ಲಾ ಸರಿಯಾಗಿ ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತಿ ಮನೆಗೆ ಬಂದೆ. ಚಪ್ಪಲಿ ಬಿಟ್ಟು ಒಳಗೆ ಬಂದು ಪೇಪರ್ ಹಿಡಿದು ಕೂತೆ. ಮೊಮ್ಮಗಳು ಬಂದು "ತಾತ, ನೆಲದ ಮೇಲೆ ರಕ್ತ" ಅಂದಳು. ನೋಡಿದರೆ ಬಾಗಿಲಿನಿಂದ ನನ್ನ ಕುರ್ಚಿಯವರೆಗೆ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಒಂದೊಂದು ಚುಕ್ಕೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ತೂತಾಗಿತ್ತು. ಹೊರಗೆ ಹೋಗಿ ಚಪ್ಪಲಿ ತಿರುಗಿಸಿದೆ. ಅಟ್ಟೆಯನ್ನು ದಾಟಿ ಒಂದು ಮೊಳೆ ಮೇಲೆ ಬಂದಿತ್ತು. ಎಲ್ಲಿ ಚುಚ್ಚಿತೋ, ಎಷ್ಟು ದೂರ ಅದರ ಮೇಲೇ ನಡೆದೆನೋ, ದೇವರಿಗೇ ಗೊತ್ತು. ನನಗೆ ಒಂದಿಷ್ಟೂ ನೋವಾಗಿರಲಿಲ್ಲ.

ಮನೆಯವರೆಲ್ಲ ರಕ್ತ ನೋಡಿ ಹೆದರಿದರು. ನಾನು ಹೆದರಿದ್ದು ನೋವಾಗದೇ ಇದ್ದದ್ದಕ್ಕೆ. ನೋವು ಗೊತ್ತಾಗದ ಕಾಲು ಕೊನೆಗೆ ಏನಾಗುತ್ತದೆ ಅಂತ ನಾನು 17 ವರ್ಷ ದಿನಾ ನೋಡಿದವನು.

1979ರಲ್ಲಿ, 25ನೇ ವಯಸ್ಸಿಗೆ, ಒಂದು ಮಿಷನ್‌ನ ಕುಷ್ಠರೋಗದ ಕೆಲಸಕ್ಕೆ ಸೇರಿದೆ. ಡಾಕ್ಟರ್ ಅಲ್ಲ ನಾನು. ಸೈಕಲ್ ಮೇಲೆ ಹಳ್ಳಿ ಹಳ್ಳಿಗೆ ಹೋಗಿ ಚರ್ಮದ ಮೇಲಿನ ಮಚ್ಚೆ ನೋಡುವುದು, ಮಾತ್ರೆ ಕೊಡುವುದು, ಹುಣ್ಣಿಗೆ ಕಟ್ಟು ಕಟ್ಟುವುದು, ಚಪ್ಪಲಿಗೆ ಪಾದದ ಅಳತೆ ತೆಗೆಯುವುದು, ಇದು ಕೆಲಸ. ಮಳವಳ್ಳಿ, ನಾಗಮಂಗಲ, ಪಾಂಡವಪುರದ ಕಡೆ ನಾನು ತುಳಿಯದ ಕಾಲುದಾರಿ ಕಡಿಮೆ. ಹಳ್ಳಿಗಳಲ್ಲಿ ಕುಷ್ಠ ಅಂತಲೂ ಹೇಳುತ್ತಿರಲಿಲ್ಲ, ದೊಡ್ಡ ರೋಗ ಅನ್ನುತ್ತಿದ್ದರು, ಅದೂ ದನಿ ತಗ್ಗಿಸಿ.

ಆಗ ಜನ, ಓದಿದವರು ಕೂಡ, ಈ ರೋಗದಲ್ಲಿ ಬೆರಳು ತಾನಾಗೇ ಉದುರುತ್ತದೆ ಅಂತ ನಂಬಿದ್ದರು. ಅದು ಹಾಗಲ್ಲ ಅಂತ ತೋರಿಸಿಕೊಟ್ಟವರಲ್ಲಿ ದೊಡ್ಡ ಹೆಸರು ಪಾಲ್ ಬ್ರಾಂಡ್ ಅವರದು. ಅವರು ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗಳ ಮಗನಾಗಿ 1914ರಲ್ಲಿ ಹುಟ್ಟಿದವರು. 1946ರಲ್ಲಿ ವೆಲ್ಲೂರಿನ ಮಿಷನ್ ಆಸ್ಪತ್ರೆಗೆ ಸರ್ಜನ್ ಆಗಿ ಬಂದರು. ರೋಗಾಣು ಹಾಳು ಮಾಡುವುದು ನರವನ್ನು, ನರ ಸತ್ತರೆ ಸ್ಪರ್ಶ ಹೋಗುತ್ತದೆ, ಸ್ಪರ್ಶ ಹೋದ ಕಾಲು ಕಲ್ಲು, ಮುಳ್ಳು, ಬೆಂಕಿ ಯಾವುದಕ್ಕೂ ಹಿಂದೆ ಸರಿಯುವುದಿಲ್ಲ, ಹುಣ್ಣಿನ ಮೇಲೇ ನಡೆದೂ ನಡೆದೂ ಮೂಳೆಯವರೆಗೆ ಕೀವು ಇಳಿಯುತ್ತದೆ, ಆಮೇಲೆ ಬೆರಳು ಹೋಗುತ್ತದೆ. ಇದನ್ನು ಅವರು ರೋಗಿಗಳ ಜೊತೆಗಿದ್ದು ಕಂಡುಕೊಂಡರು. ಅದಕ್ಕೇ ಆಪರೇಷನ್ ಜೊತೆಗೆ ಚಪ್ಪಲಿ ಬಗ್ಗೆಯೂ ಅಷ್ಟೊಂದು ತಲೆ ಕೆಡಿಸಿಕೊಂಡರು. ಮೆತ್ತಗಿರಬೇಕು, ಆದರೆ ತುಳಿದ ತಕ್ಷಣ ಚಪ್ಪಟೆಯಾಗಬಾರದು. ಹಾಗೆ ಬಳಕೆಗೆ ಬಂದದ್ದು ಈ ಎಂಸಿಆರ್, ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರ್. ಒಳಗೆಲ್ಲ ಸಣ್ಣ ಸಣ್ಣ ಗಾಳಿಯ ಗುಳ್ಳೆ ಇರುವ ರಬ್ಬರ್. 1966ರಲ್ಲಿ ಬ್ರಾಂಡ್ ಅಮೆರಿಕದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದರು. ಶುಗರ್ ಇರುವವರ ಕಾಲಿನ ಹುಣ್ಣಿಗೂ ಇದೇ ಕಾರಣ, ಇದೇ ಉಪಾಯ ಅಂತ ಅಲ್ಲಿಂದ ಹೇಳತೊಡಗಿದರು.

ಇವತ್ತು ಈ ಅಂಗಡಿಯಲ್ಲಿ ಡಯಾಬಿಟಿಕ್ ಚಪ್ಪಲಿ ಅಂತ ಕೊಡುವುದು ಅದೇ ಚಪ್ಪಲಿ.

ಇದು ಗೊತ್ತಿದ್ದೂ ನಾನು ಹಾಕಿಕೊಂಡಿರಲಿಲ್ಲ. ಯಾಕೆ ಅಂತ ತುಂಬಾ ಯೋಚನೆ ಮಾಡಿದೆ. ಪಾದ ಸ್ವಲ್ಪ ಜೋಮು ಹಿಡಿದ ಹಾಗೆ, ಹತ್ತಿಯ ಮೇಲೆ ನಡೆದ ಹಾಗೆ ಆಗುತ್ತಿದ್ದದ್ದು ಎರಡು ವರ್ಷದಿಂದ ಗೊತ್ತಿತ್ತು. ವಯಸ್ಸಾಯಿತು, ಹಾಗೇ ಇರುತ್ತದೆ ಅಂತ ಬಿಟ್ಟಿದ್ದೆ. ವಯಸ್ಸಾದವರು ನಾವೆಲ್ಲ ಮಾಡುವುದು ಇದನ್ನೇ ಅಲ್ವಾ? ಕಣ್ಣು ಮಂಜಾದರೂ ವಯಸ್ಸು, ಕಾಲು ಮರಗಟ್ಟಿದರೂ ವಯಸ್ಸು. ವಯಸ್ಸಾದ ಮೇಲೆ ಸ್ಪರ್ಶ ಸ್ವಲ್ಪ ಕಡಿಮೆಯಾಗುವುದು ನಿಜ. ಆದರೆ ಮೊಳೆ ಚುಚ್ಚಿದ್ದು ಗೊತ್ತಾಗದಷ್ಟು ವಯಸ್ಸಿನಿಂದ ಆಗುವುದಿಲ್ಲ. ಡಾಕ್ಟರ್ ಒಂದು ನೈಲಾನ್ ಎಳೆ ತೆಗೆದು, ನನ್ನ ಕಣ್ಣು ಮುಚ್ಚಿಸಿ, ಅಂಗಾಲಿಗೆ ಒಂದೊಂದು ಕಡೆ ಒತ್ತಿ "ಗೊತ್ತಾಗುತ್ತಾ?" ಅಂತ ಕೇಳುತ್ತಾ ಹೋದರು. ಎಳೆ ಬಾಗುವಷ್ಟು ಒತ್ತಿದರೆ 10 ಗ್ರಾಂ ಭಾರ ಬೀಳುತ್ತದೆ, ಅದು ಗೊತ್ತಾಗದಿದ್ದರೆ ಆ ಜಾಗಕ್ಕೆ ಕಾವಲು ಇಲ್ಲ ಅಂತ ಅರ್ಥ. ಹಳ್ಳಿಯ ಜಗಲಿಗಳ ಮೇಲೆ ಬಾಲ್ ಪೆನ್ ತುದಿಯಿಂದ ನಾನು ಇದೇ ಪರೀಕ್ಷೆ ಮಾಡುತ್ತಿದ್ದೆ, ಇದೇ ಪ್ರಶ್ನೆ ಕೇಳುತ್ತಿದ್ದೆ. ಅವತ್ತು ಕಣ್ಣು ಮುಚ್ಚಿಕೊಂಡು ಮಲಗಿದ್ದಾಗ ಡಾಕ್ಟರ್ ಸುಮ್ಮನಾದರು. ಮುಗಿಯಿತು ಅಂದುಕೊಂಡೆ. ಕಣ್ಣು ಬಿಟ್ಟರೆ ಅವರು ಇನ್ನೂ ಒತ್ತುತ್ತಲೇ ಇದ್ದರು.

ಗಾಯ ಮಾಯಲು ಏಳು ವಾರ ಹಿಡಿಯಿತು. ಆ ಏಳು ವಾರದಲ್ಲಿ ಮೊದಲು ಆನ್‌ಲೈನ್‌ನಲ್ಲಿ ಒಂದು ಜೊತೆ ತರಿಸಿದೆ. ಶುಗರ್ ಇರುವವರಿಗೆ ವಿಶೇಷ ಅಂತ ಬರೆದಿತ್ತು. ಬರೀ ಸ್ಪಂಜು ಅದು. ಮೂರು ವಾರಕ್ಕೆ ಹಿಮ್ಮಡಿ ಜಾಗ ಹಪ್ಪಳದ ಹಾಗಾಯಿತು. ಎಂಸಿಆರ್ ಹೌದೋ ಅಲ್ಲವೋ ನೋಡುವುದು ಸುಲಭ. ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಒಳಗೆ ಹೋಗಬೇಕು, ಆದರೆ ಕೆಳಗಿನ ಗಟ್ಟಿ ಅಟ್ಟೆ ಬೆರಳಿಗೆ ತಾಗಬಾರದು, ಬೆರಳು ತೆಗೆದ ತಕ್ಷಣ ಗುಳಿ ತುಂಬಿಕೊಳ್ಳಬೇಕು. ಗುಳಿ ಹಾಗೇ ಉಳಿದರೆ ಬೇಡ.

ಆಮೇಲೆ ಈ ಅಂಗಡಿ. ಗೆಳೆಯರೊಬ್ಬರು ಹೇಳಿದ್ದರು. ಹೋದ ತಕ್ಷಣ ನನಗೆ ಇಷ್ಟವಾದದ್ದು, ಅವರು ಚಪ್ಪಲಿ ತೋರಿಸಲೇ ಇಲ್ಲ, ಮೊದಲು ಕಾಲು ನೋಡಿದರು. ಕೂರಿಸಿ, ಎರಡೂ ಪಾದ ಕೈಯಲ್ಲಿ ಹಿಡಿದು, ಬೆರಳ ಸಂದಿ ಬಿಡಿಸಿ, ಆಣಿ ಎಲ್ಲಿದೆ, ಜಡ್ಡು ಎಲ್ಲಿ ಕಟ್ಟಿದೆ ನೋಡಿದರು. ಆಮೇಲೆ ನಿಲ್ಲಿಸಿ ಕಾಗದದ ಮೇಲೆ ಪಾದದ ಸುತ್ತ ಪೆನ್ಸಿಲ್ ಎಳೆದರು. ಕೂತಾಗ ಒಂದು ಅಳತೆ, ನಿಂತಾಗ ಇನ್ನೊಂದು. ವಯಸ್ಸಾದಂತೆ ಪಾದ ಹರಡಿಕೊಳ್ಳುತ್ತದೆ, 40ರಲ್ಲಿ 8 ನಂಬರ್ ಇದ್ದವರು 70ರಲ್ಲೂ ಅದೇ ನಂಬರ್ ಕೇಳಿ ಹಾಕಿಕೊಂಡು ಕಿರುಬೆರಳು ಉಜ್ಜಿಸಿಕೊಳ್ಳುತ್ತಾರೆ. ನನಗೂ ಅಗಲ ಜಾಸ್ತಿಯಾಗಿತ್ತು.

ಪೆನ್ಸಿಲ್ಲನ್ನು ಅವರು ಓರೆ ಮಾಡದೆ ನೆಟ್ಟಗೆ ಹಿಡಿದದ್ದು ನೋಡಿ ನನಗೆ ಅನುಮಾನ ಬಂತು. ಓರೆ ಹಿಡಿದರೆ ಅಳತೆ ಒಳಗೆ ಹೋಗುತ್ತದೆ. ನಮಗೂ ಹಾಗೇ ಹೇಳಿಕೊಟ್ಟಿದ್ದರು. "ಎಲ್ಲಿ ಕಲಿತಿರಿ?" ಅಂತ ಕೇಳಿದೆ. ಸ್ವಲ್ಪ ತಡೆದು ಹೇಳಿದರು, ತಮಿಳುನಾಡಿನ ಕಡೆ ಒಂದು ಕುಷ್ಠರೋಗದ ಆಸ್ಪತ್ರೆಯ ಚಪ್ಪಲಿ ವರ್ಕ್‌ಶಾಪಿನಲ್ಲಿ. "ಇಲ್ಲಿ ಯಾರಿಗೂ ಹೇಳಲ್ಲ ಸಾರ್. ಹೇಳಿದ್ರೆ ಯಾರೂ ತಗೊಳ್ಳಲ್ಲ."

ನನಗೆ ಅದು ತುಂಬಾ ಬೇಜಾರಾಯಿತು. ಅವರ ಮೇಲಲ್ಲ. ಅವರು ಹೊಟ್ಟೆಪಾಡು ನೋಡಬೇಕು. ಆದರೆ ಈ ಚಪ್ಪಲಿ ಎಲ್ಲಿಂದ ಬಂತು ಅಂತ ಹೇಳಲು ಇವತ್ತಿಗೂ ಹೆದರಬೇಕಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಅವರ ಒಪ್ಪಿಗೆ ಕೇಳಿಯೇ.

ನಾವು ಹಳ್ಳಿಗಳಲ್ಲಿ ಕೊಡುತ್ತಿದ್ದ ಎಂಸಿಆರ್ ಚಪ್ಪಲಿ ದೂರದಿಂದಲೇ ಗುರುತು ಸಿಗುತ್ತಿತ್ತು. ಎಲ್ಲರಿಗೂ ಒಂದೇ ಆಕಾರ, ಒಂದೇ ಬಣ್ಣ, ಹಿಂದೆ ಪಟ್ಟಿ. ಅದನ್ನು ಹಾಕಿಕೊಂಡು ಊರೊಳಗೆ ಬಂದರೆ ದೊಡ್ಡ ರೋಗದವರು ಅಂತ ಬೋರ್ಡ್ ಹಾಕಿಕೊಂಡ ಹಾಗೆ. ಮಳವಳ್ಳಿ ಕಡೆಯ ಒಬ್ಬ ಅಜ್ಜಿ ನೆನಪಿಗೆ ಬರುತ್ತಾರೆ. ಕಬ್ಬು ಕಡಿಯುವ ಕೂಲಿ. ಕಡಿದ ಗದ್ದೆಯ ಕೂಳೆ ಎಷ್ಟು ಚೂಪಾಗಿರುತ್ತದೆ ಅಂತ ಮಂಡ್ಯದವರಿಗೆ ಹೇಳಬೇಕಾಗಿಲ್ಲ. ಅಂಗಾಲಲ್ಲಿ ಕೂಳೆ ಮುರಿದುಕೊಂಡು ಒಂದು ದಿನ ಪೂರ್ತಿ ಕೆಲಸ ಮಾಡಿ ಬಂದಿದ್ದರು. "ನೋವು ಗೊತ್ತಾಗಕಿಲ್ಲ ಸಾ, ಅದೇ ಒಳ್ಳೇದಾಯ್ತು ಬುಡಿ, ಕೂಲಿ ತಪ್ಪಲಿಲ್ಲ" ಅಂದರು. ನಾನು ಚಪ್ಪಲಿ ಕೊಟ್ಟೆ. ಮುಂದಿನ ತಿಂಗಳು ಹೋದಾಗ ಹುಣ್ಣು ದೊಡ್ಡದಾಗಿತ್ತು, ಚಪ್ಪಲಿ ಹೊಸದರ ಹಾಗೇ ಇತ್ತು. ಊರು ದಾಟುವವರೆಗೂ ಸೆರಗಿನಲ್ಲಿ ಸುತ್ತಿ ಇಟ್ಟುಕೊಂಡು ಆಮೇಲೆ ಹಾಕಿಕೊಳ್ಳುತ್ತಿದ್ದರಂತೆ. ಗದ್ದೆಯಲ್ಲಿ ಜೊತೆಯವರು ಇರುತ್ತಾರಲ್ಲ, ಅಲ್ಲಿಯೂ ತೆಗೆದಿಡುತ್ತಿದ್ದರು.

ನಾನು ಅವರಿಗೆ ಬೈದೆ. ಜೋರಾಗಿಯೇ ಬೈದೆ. ಈ ವಯಸ್ಸಿನಲ್ಲಿ ಕೂತು ಯೋಚಿಸಿದಾಗ ಅದು ಮನಸ್ಸಿಗೆ ಚುಚ್ಚುತ್ತದೆ. ಆ ಚಪ್ಪಲಿಗೆ ಊರಿನವರೆಲ್ಲ ಹಾಕುವ ಚಪ್ಪಲಿಯ ಹಾಗೆ ಒಂದು ಬೇರೆ ಬಣ್ಣದ ಪಟ್ಟಿ ಹಾಕಿಸಿಕೊಡಬೇಕು ಅಂತ ನನಗೆ ಆಗ ಹೊಳೆಯಲಿಲ್ಲ. ಅವರು ಏನು ಹೇಳುತ್ತಿದ್ದಾರೆ ಅಂತ ಪೂರ್ತಿ ಕೇಳಲಿಲ್ಲ. ನಮಗೆ ಹೇಳಲು ಬೇಕಾದಷ್ಟು ಇತ್ತು, ಔಷಧಿ ವಿಷಯ, ಸುವಾರ್ತೆ ವಿಷಯ. ಕಟ್ಟು ಕಟ್ಟುವ ಮೊದಲು ಪ್ರಾರ್ಥನೆ ಮಾಡುತ್ತಿದ್ದೆವು. ಒಮ್ಮೆ ಒಬ್ಬ ಗಂಡಸು "ಮೊದಲು ಕಟ್ಟು ಕಟ್ಟಿ ಸಾ, ನೊಣ ಕೂರ್ತಾವೆ" ಅಂದಿದ್ದ. ಅವತ್ತಿನಿಂದ ನಾನು ಪ್ರಾರ್ಥನೆಯನ್ನು ಕೊನೆಗೆ ಇಟ್ಟುಕೊಂಡೆ, ಅದೂ ಅವರು ಕೇಳಿದರೆ ಮಾತ್ರ. ನನ್ನ ನಂಬಿಕೆ ಕಡಿಮೆಯಾಗಲಿಲ್ಲ. ಬೇರೆಯವರು ಮುಟ್ಟದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆಯುವುದನ್ನು ಆ ಕೆಲಸ ನನಗೆ ಕಲಿಸಿತು, ಅದಕ್ಕೆ ನಾನು ಸಾಯುವವರೆಗೂ ಋಣಿ. ಆದರೆ ಆ ಅಜ್ಜಿಗೆ ಬೈದದ್ದು ತಪ್ಪು.

ಔಷಧಿ ವಿಷಯ ಒಂದು ಮಾತು. ನಾನು ಸೇರಿದಾಗ ಕುಷ್ಠಕ್ಕೆ ಡ್ಯಾಪ್ಸೋನ್ ಅನ್ನುವ ಮಾತ್ರೆ ಒಂದೇ, ವರ್ಷಗಟ್ಟಲೆ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದಕ್ಕಿಂತ ಹೆಚ್ಚು ಔಷಧಿ ಒಟ್ಟಿಗೆ ಕೊಡಿ ಅಂತ ಹೇಳಿತು. ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮಿನ್. ಆ ಮಾತ್ರೆ ಪಟ್ಟಿಗಳು ಬಂದ ಮೇಲೆ ಜನ ನಿಜವಾಗಿ ಗುಣವಾಗತೊಡಗಿದರು. ಆದರೆ ರೋಗಾಣು ಸತ್ತರೂ ಸತ್ತ ನರ ವಾಪಸ್ ಬರಲಿಲ್ಲ. ಗುಣವಾದವರಿಗೂ ಚಪ್ಪಲಿ ಬೇಕಾಗಿತ್ತು, ಜೀವಮಾನವಿಡೀ. ಶುಗರ್‌ನಲ್ಲಿಯೂ ಹಾಗೇ. ಸಕ್ಕರೆ ಹತೋಟಿಗೆ ಬಂದರೆ ಮುಂದೆ ಹಾಳಾಗುವುದು ನಿಧಾನವಾಗುತ್ತದೆ, ಪೂರ್ತಿ ಹೋದ ಸ್ಪರ್ಶ ಹಿಂದಿರುಗಿ ಬರುತ್ತದೆ ಅಂತ ಕಾಯಬೇಡಿ.

ಈಗ ಪೇಪರ್ ಮತ್ತು ವಾಟ್ಸಾಪ್ ವಿಷಯ. 2023ರ ಜೂನ್‌ನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಸುದ್ದಿ ಬಂತು, ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಶುಗರ್ ಇದೆ ಅಂತ. ಎಲ್ಲರೂ ಆ ಸಂಖ್ಯೆ ಮಾತಾಡಿದರು. ಕಾಲಿನ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ದಿನಾ ಬರುವ ವಾಟ್ಸಾಪ್ ಸಂದೇಶಗಳಲ್ಲಿ ಕಾಲಿನ ವಿಷಯ ಇರುತ್ತದೆ, ಆದರೆ ಉಲ್ಟಾ. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯಿರಿ ಶುಗರ್ ಇಳಿಯುತ್ತದೆ, ಕಲ್ಲು ಹಾಸಿದ ದಾರಿಯಲ್ಲಿ ನಡೆಯಿರಿ, ಮುಳ್ಳು ಮುಳ್ಳಾಗಿರುವ ಅಕ್ಯುಪ್ರೆಶರ್ ಚಪ್ಪಲಿ ಹಾಕಿಕೊಳ್ಳಿ. ದಯವಿಟ್ಟು ಕೇಳಿ. ಸ್ಪರ್ಶ ಇಲ್ಲದ ಪಾದಕ್ಕೆ ಆ ಚಪ್ಪಲಿ ಹಾಕಿಸುವುದು ಅಂದರೆ ಹುಣ್ಣು ಮಾಡಿಸಿಕೊಳ್ಳುವುದೇ. ನನ್ನ ವಾಕಿಂಗ್ ಜೊತೆಗಾರರೊಬ್ಬರು, ನನಗಿಂತ ಹಳೆಯ ಶುಗರ್ ಅವರಿಗೆ, ಆಷಾಢದಲ್ಲಿ ಬರಿಗಾಲಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ. ಭಕ್ತಿಯ ವಿಷಯ, ಬೇಡ ಅನ್ನಲು ನಾನು ಯಾರು? ಮೊದಲು ಡಾಕ್ಟರ್ ಹತ್ತಿರ ಆ ನೈಲಾನ್ ಎಳೆಯ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಮಾತ್ರ ಹೇಳಿದೆ. ಸ್ಪರ್ಶ ಕಡಿಮೆ ಇದೆ ಅಂತ ಬಂತು. ಈ ಸಲ ಬಸ್ಸಿನಲ್ಲಿ ಹೋದರು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬೊಬ್ಬೆ ಬಂದರೂ ಗೊತ್ತಾಗದ ಜನ ಇದ್ದಾರೆ, ಗುಡಿಗೆ ಹೋದರೂ ಚರ್ಚಿಗೆ ಹೋದರೂ ಇದು ಗಮನದಲ್ಲಿರಲಿ.

ನಾನು ಹಿಂದೆ ಹೇಳುತ್ತಿದ್ದ ಒಂದು ಮಾತನ್ನು ಕೂಡ ಬದಲಾಯಿಸಿಕೊಳ್ಳಬೇಕಾಯಿತು. ಕುಷ್ಠದಲ್ಲಿ ಚರ್ಮ ತುಂಬಾ ಒಣಗುತ್ತದೆ, ಅದಕ್ಕೆ ದಿನಾ ಪಾದ ನೀರಿನಲ್ಲಿ ನೆನೆಸಿ ಎಣ್ಣೆ ಹಚ್ಚಿ ಅಂತ ಹೇಳುತ್ತಿದ್ದೆವು. ಶುಗರ್ ಇರುವವರಿಗೆ ನೆನೆಸಬೇಡಿ ಅನ್ನುತ್ತಾರೆ. ತೊಳೆದು, ಬೆರಳ ಸಂದಿ ಒರೆಸಿ, ಸಂದಿ ಬಿಟ್ಟು ಉಳಿದ ಕಡೆ ಎಣ್ಣೆಯೋ ಕ್ರೀಮೋ ಹಚ್ಚಿದರೆ ಸಾಕು. ನನಗೆ ಬಗ್ಗಿ ಅಂಗಾಲು ನೋಡಲು ಆಗುವುದಿಲ್ಲ, ಸೊಂಟ ಬಿಡುವುದಿಲ್ಲ. ನೆಲದ ಮೇಲೆ ಕನ್ನಡಿ ಇಟ್ಟು ನೋಡುತ್ತೇನೆ. ಕಣ್ಣು ಸಾಲದ ದಿನ ನಮ್ಮ ಮನೆಯವರು ನೋಡುತ್ತಾರೆ.

ಸರಿ, ಚಪ್ಪಲಿಗೆ ಬರುತ್ತೇನೆ. ಬೆಲೆ 1,100 ರೂಪಾಯಿ ಆಯಿತು, ಅಳತೆ ಕೊಟ್ಟು ಮಾಡಿಸಿದ್ದು. ಮೇಲೆ ಎಂಸಿಆರ್, ಕೆಳಗೆ ಗಟ್ಟಿ ರಬ್ಬರ್, ಎಲ್ಲಿಯೂ ಮೊಳೆ ಇಲ್ಲ, ಅಂಟು ಮತ್ತು ಹೊಲಿಗೆ ಮಾತ್ರ. ಬೆರಳ ಸಂದಿಗೆ ತೂರುವ ಪಟ್ಟಿ ಇಲ್ಲ. ಹಿಮ್ಮಡಿ ಹಿಂದೆ ಪಟ್ಟಿ ಇದೆ, ಅದು ಬೇಕು, ಇಲ್ಲದಿದ್ದರೆ ಸ್ಪರ್ಶ ಇಲ್ಲದ ಕಾಲಿನಿಂದ ಚಪ್ಪಲಿ ಜಾರಿ ಬಿದ್ದದ್ದೂ ಗೊತ್ತಾಗುವುದಿಲ್ಲ. ಕಂದು ಬಣ್ಣ. ನೋಡಿದವರು ಮಾಮೂಲಿ ಸ್ಯಾಂಡಲ್ ಅಂದುಕೊಳ್ಳುತ್ತಾರೆ. ಪಟ್ಟಿಯ ಬಣ್ಣ ಯಾವುದು ಬೇಕು ಅಂತ ಅವರು ಕೇಳಿದಾಗ ಆ ಅಜ್ಜಿಯ ನೆನಪಾಗಿ ನನಗೆ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

ಮೊದಲ ದಿನ ಒಂದೇ ಗಂಟೆ ಹಾಕಿಕೊಳ್ಳಿ ಅಂದರು. ತೆಗೆದು ಪಾದ ನೋಡಬೇಕು, ಎಲ್ಲಾದರೂ ಕೆಂಪಾಗಿದ್ದು ಅರ್ಧ ಗಂಟೆಯಾದರೂ ಹೋಗದಿದ್ದರೆ ವಾಪಸ್ ತರಬೇಕು. ನನಗೆ ಎಡಗಾಲಿನ ಹಿಂಬದಿ ಪಟ್ಟಿ ಉಜ್ಜುತ್ತಿತ್ತು. ತೆಗೆದುಕೊಂಡು ಹೋದೆ, ಅಲ್ಲೇ ಕೂರಿಸಿ ಮೆತ್ತನೆ ಬಟ್ಟೆ ಹೊಲಿದು ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಏಳು ತಿಂಗಳಲ್ಲಿ ಒಂದು ಗಾಯ ಇಲ್ಲ. ಹೆಬ್ಬೆರಳ ಬುಡದ ಜಡ್ಡು ಅರ್ಧ ಕಡಿಮೆಯಾಗಿದೆ.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ನಾಲ್ಕು ದಿನ ಅಂದದ್ದು ಹನ್ನೊಂದು ದಿನ ಆಯಿತು. ಅಂಗಡಿಗೆ ಹತ್ತಲು ಮೂರು ಎತ್ತರದ ಮೆಟ್ಟಿಲಿವೆ, ಹಿಡಿದುಕೊಳ್ಳಲು ಕಂಬಿ ಇಲ್ಲ. ಬರುವವರೆಲ್ಲ ಕಾಲು ಸರಿಯಿಲ್ಲದವರು, ವಯಸ್ಸಾದವರು, ಒಂದು ಕಂಬಿ ಹಾಕಿಸಲೇಬೇಕು, ನಾನು ಎರಡು ಸಲ ಹೇಳಿದ್ದೇನೆ. ವೆಲ್ಕ್ರೋ ಪಟ್ಟಿಗೆ ಧೂಳು ಕೂದಲು ಸೇರಿ ಐದು ತಿಂಗಳಿಗೇ ಹಿಡಿತ ಸಡಿಲವಾಯಿತು. ಮಳೆಯಲ್ಲಿ ನೆಂದರೆ ಒಣಗಲು ಒಂದು ದಿನ ಬೇಕು.

ಮನೆಯೊಳಗೆ ಹಾಕಿಕೊಳ್ಳಲು ಎರಡನೇ ಜೊತೆ ಹೇಳಿದ್ದೇನೆ. ನಮ್ಮ ಮನೆಗಳಲ್ಲಿ ಒಳಗೆ ಚಪ್ಪಲಿ ಅಂದರೆ ಯಾರೂ ಒಪ್ಪುವುದಿಲ್ಲ, ಗೊತ್ತು. ನಮ್ಮ ಮನೆಯವರೂ ಮೊದಲು ಒಪ್ಪಲಿಲ್ಲ. ಹೊರಗೆ ಯಾವತ್ತೂ ಹೋಗದ ಜೊತೆ, ಬರೀ ಒಳಗೆ ಅಂತ ಹೇಳಿದ ಮೇಲೆ ಒಪ್ಪಿದರು. ಬಿದ್ದ ಸೂಜಿ, ಒಡೆದ ಗಾಜು, ಮಕ್ಕಳ ಆಟದ ಸಾಮಾನು, ಚುಚ್ಚುವಂಥವು ಮನೆಯೊಳಗೂ ಬೇಕಾದಷ್ಟಿವೆ.

ಹೋಗುವವರು ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಭಾನುವಾರ ರಜೆ. ಹಳೆಯ ಚಪ್ಪಲಿ ಬಿಸಾಡದೆ ಜೊತೆಗೆ ತೆಗೆದುಕೊಂಡು ಹೋಗಿ. ಎಲ್ಲೆಲ್ಲಿ ಸವೆದಿದೆ ಅಂತ ನೋಡಿಯೇ ನಿಮ್ಮ ಭಾರ ಎಲ್ಲಿ ಬೀಳುತ್ತದೆ ಅಂತ ಅವರು ಹೇಳುತ್ತಾರೆ.